ಒಂದೇ ಚಮಚ

ಹಾಸ್ಟೆಲ್, ಮೂರನೆಯ ಮಹಡಿ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ದಿನವಿಡೀ ನಿಂತೇ ಪಾಠ ಮಾಡುವ ಹಟ ಬಿಟ್ಟೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ. ಸ್ವಲ್ಪ ದಪ್ಪಗೂ ಆಗಿದ್ದೇನೆ, ನಗಬೇಡ.

ಫೆಲೋಶಿಪ್‌ನಲ್ಲಿ ಏನು ಮಾಡುತ್ತೀಯ ಎಂದು ನೀನು ಕೇಳಿದಾಗಲೆಲ್ಲ ಮಾತು ಹಾರಿಸುತ್ತಿದ್ದೆ. ಒಂದೇ ಮಾತ್ರೆ ಒಬ್ಬರಿಗೆ ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ, ಮತ್ತೊಬ್ಬರಿಗೆ ಮುಳುವಾಗುತ್ತದೆ. ಅದಕ್ಕೆ ಹುಟ್ಟಿನಿಂದಲೇ ಬಂದ ಕಾರಣವನ್ನು ರಕ್ತದಲ್ಲಿ ಹುಡುಕುವುದು ನಮ್ಮ ಕೆಲಸ. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳ ಔಷಧದ ಚೀಟಿ ನೋಡುತ್ತೇವೆ, ಮಧ್ಯಾಹ್ನ ಲ್ಯಾಬಿನಲ್ಲಿ ಹನಿ ಹನಿ ಅಳೆಯುತ್ತೇವೆ. ಕಲಿಸುವವರಿಗೆ ಮಿಲಿಗ್ರಾಂ ಮೇಡಂ ಎಂದು ಹೆಸರಿಟ್ಟಿದ್ದೇವೆ. ಸಣ್ಣ ನಳಿಕೆಯನ್ನು ಕಣ್ಣೆತ್ತರಕ್ಕೆ ಹಿಡಿದಾಗಲೆಲ್ಲ ನನಗೆ ನೀನೇ ನೆನಪಾಗುತ್ತೀಯ. ಅಡುಗೆಮನೆಯ ಕಿಟಕಿಯ ಕೆಳಗೆ ಖಾಲಿ ಬಾಟಲಿ ಜೋಡಿಸಿ, ಅಪ್ಪನ ಬಿಳಿ ಅಂಗಿ ತೊಟ್ಟು ಔಷಧದಂಗಡಿ ನಡೆಸುತ್ತಿದ್ದೆಯಲ್ಲ. ಗಿರಾಕಿ ನಾನೊಬ್ಬಳೇ. ಸಕ್ಕರೆ ನೀರನ್ನೂ ಬೆಳಕಿಗೆ ಹಿಡಿದು, ಗೆರೆ ಮುಟ್ಟಿದೆಯೇ ಎಂದು ನೋಡಿಯೇ ಕೊಡುತ್ತಿದ್ದೆ. ಒಂದು ಹನಿ ಹೆಚ್ಚು ಕೇಳಿದರೆ ಕಣ್ಣು ಬಿಡುತ್ತಿದ್ದೆ.

ಆ ಮಧ್ಯಾಹ್ನ ನನಗೆ ಐದು ವರ್ಷ, ನಿನಗೆ ಹನ್ನೆರಡು. ಕೆಮ್ಮಿನ ಔಷಧ ಒಂದು ಚಮಚ ಕುಡಿಸೆಂದು ಹೇಳಿ ಅಮ್ಮ ಹೊಲಿಗೆ ಕಾರ್ಖಾನೆಗೆ ಹೋದಳು. ನೀನು ಕುಡಿಸಿದೆ. ಮಲಗಿದ ನಾನು ಏಳಲಿಲ್ಲ. ತುಟಿ ನೀಲಿಗಟ್ಟಿದ್ದನ್ನು ಕಂಡು ನನ್ನನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದವಳು ನೀನು. ಬದುಕಿಸಿದವಳು ನೀನು ಎಂದು ಯಾರೂ ಹೇಳಲಿಲ್ಲ. ಎಷ್ಟು ಚಮಚ ಕೊಟ್ಟೆ ಎಂದೇ ಎಲ್ಲರೂ ಕೇಳಿದರು. “ಒಂದೇ ಅಮ್ಮ, ಒಂದೇ” ಎಂದು ನೀನು ಅಳುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಅಮ್ಮ ನಂಬಲಿಲ್ಲ. ಔಷಧದ ಡಬ್ಬಿ ಅಟ್ಟಕ್ಕೇರಿತು, ನಿನ್ನ ಅಂಗಡಿ ಮುಚ್ಚಿತು. ಫಾರ್ಮಸಿ ಓದಬೇಕೆಂದಿದ್ದವಳು ಗಣಿತದ ಟೀಚರ್ ಆದೆ. ಇವತ್ತಿಗೂ ನಿನ್ನ ಮಗನಿಗೆ ಜ್ವರ ಬಂದರೆ ಔಷಧ ಕುಡಿಸುವುದು ಭಾವನೇ.

ಹೋದ ತಿಂಗಳು ಕಲಿಕೆಗೆಂದು, ಒಪ್ಪಿಗೆ ಬರೆದುಕೊಟ್ಟು, ನಮ್ಮ ನಮ್ಮ ರಕ್ತವನ್ನೇ ಪರೀಕ್ಷಿಸಿದೆವು. ಆ ಕೆಮ್ಮಿನ ಔಷಧದಲ್ಲಿ ಕೋಡೀನ್ ಇತ್ತು. ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಹೆಸರಿದೆ. ಅದು ಮೈಯೊಳಗೆ ಮಾರ್ಫಿನ್ ಆಗುತ್ತದೆ, ಅತಿಯಾದರೆ ಉಸಿರನ್ನೇ ತಗ್ಗಿಸುತ್ತದೆ. ಹೆಚ್ಚಿನವರಲ್ಲಿ ನಿಧಾನವಾಗಿ, ತುಸುವೇ. ನನ್ನಂಥ ಕೆಲವರಲ್ಲಿ ಬಲು ಬೇಗ, ಬಹಳಷ್ಟು. ವರದಿ ಕೈಗೆ ಬಂದಾಗ ಮೇಲಿನ ಹೆಸರು ನನ್ನದೇ ತಾನೇ ಎಂದು ಎರಡು ಸಲ ನೋಡಿದೆ. ಮೇಡಂಗೆ ಎಲ್ಲ ಹೇಳಿದೆ. “ಹೀಗೇ ಆಯ್ತು ಅಂತ ಪ್ರಮಾಣ ಮಾಡೋಕಾಗಲ್ಲ. ಆದ್ರೆ ಇಂಥ ಮಗುಗೆ ಒಂದು ಚಮಚಾನೇ ಹೆಚ್ಚಾಗಬಹುದು” ಎಂದರು. ನನಗೆ ಪ್ರಮಾಣ ಬೇಕಿಲ್ಲ ಅಕ್ಕಾ. ನಿನ್ನ ಕೈ ಅಳತೆ ನನಗೆ ಗೊತ್ತು.

ಒಡಹುಟ್ಟಿದವರಲ್ಲೂ ಇದು ಇರಬಹುದು, ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ. ಭಾವನಿಗೆ ನಮಸ್ಕಾರ, ಮಗನಿಗೆ ಎರಡು ಮುತ್ತು.

ಸದಾ ನಿನ್ನ ಹಿಂದೆಯೇ ಸುತ್ತುತ್ತಿದ್ದ
ನಿನ್ನ ತಂಗಿ

ತಾ.ಕ.: ಅಮ್ಮನಿಗೆ ನಿನ್ನೆ ಫೋನಿನಲ್ಲಿ ತಿಳಿಸಿದೆ. ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ, “ನೀನು ಅವಳಿಗೆ ಬರೀಬೇಡ. ನಾನೇ ಹೋಗಿ ಹೇಳ್ತೀನಿ” ಎಂದಳು. ಮುಂದಿನ ಭಾನುವಾರ ನಿನ್ನ ಮನೆಗೆ ಬರುತ್ತಾಳೆ. ನನಗೆ ತಡೆಯಲಾಗಲಿಲ್ಲ, ಬರೆದುಬಿಟ್ಟೆ. ಅವಳು ಹೇಳುವಾಗ ಏನೂ ಗೊತ್ತಿಲ್ಲದವಳಂತೆ ಕೇಳು. ನಡುವೆ ಬಾಯಿ ಹಾಕಬೇಡ, ಸಮಾಧಾನವನ್ನೂ ಮಾಡಬೇಡ. ಪೂರ್ತಿ ಹೇಳಲಿ.