ಸೋತವರ ಹೆಸರು

ಬ್ಯಾಡಗಿ, ೨೦೦೬

ಶಂಭುಲಿಂಗ,

ನೀನು ಸತ್ತು ಎರಡು ವರ್ಷವಾಯಿತು. ಈ ಪತ್ರ ಎಲ್ಲಿಗೂ ಹೋಗುವುದಿಲ್ಲ, ಆದರೂ ಕೇಳು. ಮೊನ್ನೆ ಮೋಟೆಬೆನ್ನೂರಿನ ಕಬಡ್ಡಿಯಲ್ಲಿ ಮೊಮ್ಮಗಳು ಪುಷ್ಪಲತಾ ಒಬ್ಬಳೇ ಒಂಬತ್ತು ಅಂಕ ತಂದಳು, ತಂಡ ಸೋತಿತು. ಇವತ್ತಿನ ಪೇಪರಿನಲ್ಲಿ ವೇದಿಕೆ ಮೇಲೆ ಕೂತ ಹನ್ನೊಂದು ಮಂದಿಯ ಹೆಸರಿದೆ, ಆಡಿದವರದು ಒಂದೂ ಇಲ್ಲ.

"ಅಜ್ಜಾ, ನಾ ಆಡೇ ಇಲ್ಲೇನು?" ಎಂದಳು. ಪೇಪರಿನವರನ್ನು ಬೈಯಲಿಕ್ಕೂ ಈಗ ನನಗೆ ಸಾಕಾಗಿದೆ.

ನೀನು ವರದಿಗಾರನಾಗಿದ್ದಾಗ ಮೊದಲು ಅಂಕ, ಆಮೇಲೆ ಎರಡೂ ತಂಡದವರ ಹೆಸರು, ಜಾಗ ಉಳಿದರೆ ಅತಿಥಿಗಳು. ಎಪ್ಪತ್ತೆರಡರ ಕಬಡ್ಡಿಯಲ್ಲಿ ಸೋತ ನಮ್ಮ ತಂಡದವರ ಹೆಸರನ್ನೂ ನೀನು ಹಾಕಿದೆ. "ಊರ ಮುಂದ ಮಾನ ಕಳದೀ" ಎಂದು ಬೈದು ಮಾತು ಬಿಟ್ಟವನು ನಾನೇ. "ಆಡಿದ್ದು ಖರೇ ಅಲ್ಲೇನೋ?" ಎಂದಷ್ಟೇ ಕೇಳಿದ್ದೆ ನೀನು.

ನೀನು ಬರೆದ ಆ ವರದಿಯನ್ನು ಪೇಪರಿನಿಂದ ಕತ್ತರಿಸಿಟ್ಟ ತುಂಡು ಇನ್ನೂ ನನ್ನ ಟ್ರಂಕಿನಲ್ಲಿದೆ. ಇವತ್ತು ಅವಳಿಗೆ ತೋರಿಸಿದೆ. ಪೇಪರಿನಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

ಕರಬಸಪ್ಪ