ಗಿಟಾರಿನ ಟೊಪ್ಪಿಗೆಗಳು

ಮಗಳೇ,

ನೀನು ಬಿಟ್ಟುಹೋದ ಚೂಪು ಮೂಲೆಗಳ ಎಲೆಕ್ಟ್ರಿಕ್ ಗಿಟಾರ್ ಕ್ಷೇಮವಾಗಿದೆ. ಆದರೆ ನನ್ನಿಂದ ಒಂದು ತಪ್ಪಾಗಿದೆ, ಬೈಯಬೇಡ. ಗೋಡೆಗೆ ತಗುಲಿ ಬಣ್ಣ ಏಳುತ್ತದೆಂದು ಮೂಲೆಗಳಿಗೆ ಸೈಕಲ್ ಟ್ಯೂಬು ಸುತ್ತಿದ್ದೆ. ತಿಂಗಳ ಮೇಲೆ ಬಿಚ್ಚಿದರೆ ಒಂದು ಮೂಲೆಯ ಪಾಲಿಶ್ ಅಂಟಂಟಾಗಿ ಕಪ್ಪಾಗಿತ್ತು. ವಾದ್ಯ ರಿಪೇರಿಯವನು, "ಅಯ್ಯೋ ಯಜಮಾನ್ರೇ, ರಬ್ಬರು ಪಾಲಿಶ್ ತಿನ್ನುತ್ತೆ! ಊರಿಗೆಲ್ಲ ಕೋಟು ಹೊಲಿದೋರಿಗೆ ಇದಕ್ಕೊಂದು ಹತ್ತಿಬಟ್ಟೆ ಟೊಪ್ಪಿಗೆ ಹೊಲಿಯೋಕಾಗಲಿಲ್ವಾ?" ಎಂದು ನಕ್ಕ.

ಈಗ ಹೊಲಿಯುತ್ತಿದ್ದೇನೆ. ನಿನ್ನ ಚಿಕ್ಕಮ್ಮ ತೀರಿಕೊಂಡು ನಾನು ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ನನಗೆ ಅಳತೆ ಕೊಟ್ಟದ್ದು ಇದೊಂದೇ.

ಗಿಟಾರ್ ಒಯ್ಯಲು ಸಾಗಣೆಯವನನ್ನು ಕಳಿಸುತ್ತೇನೆ ಎಂದು ಬರೆದಿದ್ದೀಯ. ಬೇಡ, ನೀನೇ ಬಾ. ನಾಲ್ಕರಲ್ಲಿ ಮೂರು ಟೊಪ್ಪಿಗೆ ಮುಗಿದಿವೆ. ಉಳಿದದ್ದು ಒಂದು ಗಂಟೆಯ ಕೆಲಸ. ನೀನು ಬರುವ ದಿನ ತಿಳಿಸು, ಅಂದು ಬೆಳಿಗ್ಗೆ ಹೊಲಿಯುತ್ತೇನೆ.

ಇಂತಿ,
ನಿನ್ನ ಚಿಕ್ಕಪ್ಪ