ಅಪ್ಪನ ಸಮಾಧಿಗೆ ಸುರಿದ ಸೋಜು

ಸೆಪ್ಟೆಂಬರ್ 17, ಮಂಗಳವಾರ. ಚುಸೊಕ್, ನಮ್ಮ ಕೊರಿಯಾದಲ್ಲಿ ಹಿರಿಯರಿಗೆ ಎಡೆ ಇಡುವ ಸುಗ್ಗಿ ಹಬ್ಬ.

ಹಬ್ಬ ಮುಗಿದು ನೆಂಟರೆಲ್ಲ ಹೋದರು. ಸಿಟ್ಟು ಹೋಗಿಲ್ಲ.

ಬೆಳಿಗ್ಗೆ ಗುಡ್ಡದ ಮೇಲೆ ಅಪ್ಪನ ಸಮಾಧಿಯ ಹುಲ್ಲು ಸವರಿ ಹಣ್ಣು, ಒಣಮೀನು, ಅಕ್ಕಿ ಕಡುಬು ಇಟ್ಟೆವು. ತಮ್ಮ ಕ್ಯುಹೋ ನಮಸ್ಕಾರಕ್ಕೆ ಮುಂದೆ ಬಂದಾಗ ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಗಾಂಜಾ ಕೇಸಿನವನು ನೀನು. ಯಾವ ಮುಖ ಇಟ್ಕೊಂಡು ಬಗ್ತೀಯೋ? ಆಚೆ ನಿಲ್ಲು."

ಕೆನಡಾದಲ್ಲಿ ಅದನ್ನು ಅಂಗಡಿಯಲ್ಲೇ ಮಾರುತ್ತಾರೆ. ಅಲ್ಲಿದ್ದಾಗ ಕ್ಯುಹೋ ಬೆನ್ನುನೋವಿಗೆಂದು ಎರಡು ಸಲ ಸೇದಿದ್ದ. ನಮ್ಮ ಕಾನೂನಿನಲ್ಲಿ ಹೊರದೇಶದಲ್ಲಿ ಸೇದಿದರೂ ಅಪರಾಧವೇ. ಊರಿಗೆ ಬಂದ ಮೇಲೆ ಕೂದಲಿನ ಪರೀಕ್ಷೆ, ಕೋರ್ಟು. ಮೇಷ್ಟ್ರ ಕೆಲಸವೂ ಹೋಯಿತು.

ಅವನನ್ನು ತಡೆದ ಅದೇ ಕೈಯಿಂದ ದೊಡ್ಡಪ್ಪ ಸಮಾಧಿಯ ಸುತ್ತ ಒಂದು ಬಾಟಲಿ ಸೋಜು ಸಾರಾಯಿ ಸುರಿದರು. ಸಿಗರೇಟು ಹೊತ್ತಿಸಿ ಮಣ್ಣಿಗೆ ಚುಚ್ಚಿದರು. "ತಗೊಳ್ಳೋ ತಮ್ಮಾ, ನಿನ್ನಿಷ್ಟದ್ದು."

ಅಪ್ಪ ಸತ್ತದ್ದು ಕುಡಿದು ಲಿವರ್ ಹಾಳಾಗಿ. ಆ ಬಾಟಲಿಗೆ ಹೆದರಿ ಅಮ್ಮ ನಮ್ಮಿಬ್ಬರನ್ನೂ ಪಕ್ಕದ ಮನೆಯಲ್ಲಿ ಬಚ್ಚಿಡುತ್ತಿದ್ದದ್ದು ದೊಡ್ಡಪ್ಪನಿಗೆ ಗೊತ್ತು. ಗಾಂಜಾ ಅಮೃತವೆಂದು ನಾನು ಹೇಳುವುದಿಲ್ಲ. ಅದನ್ನು ಇಲ್ಲಿಯೂ ಮಾರಬೇಕೋ ಬೇಡವೋ ನನಗೆ ತಿಳಿಯದು. ಆದರೆ ಕೊಂದದ್ದಕ್ಕೆ ಈ ಮರ್ಯಾದೆಯೇ?

"ದೊಡ್ಡಪ್ಪಾ, ಅಪ್ಪನ್ನ ಕೊಂದಿದ್ದು ಯಾವ್ದು?" ಎಂದೆ.

"ಓದು ಜಾಸ್ತಿಯಾಯ್ತು ನಿಂಗೆ. ಇದು ಪದ್ಧತಿ ಕಣೇ, ಅದು ಅಮಲು!"

ಕ್ಯುಹೋ ನನ್ನ ತೋಳು ಹಿಡಿದ. "ಬಿಡಕ್ಕಾ. ಅಪ್ಪ ಕುಡಿದಿರೋವಾಗ ನಾನು ದೂರ ಇರೋದೇ ವಾಸಿ."

ಎಲ್ಲರೂ ನಕ್ಕರು, ದೊಡ್ಡಪ್ಪ ಕೂಡ. ಕ್ಯುಹೋ ಹತ್ತು ಹೆಜ್ಜೆ ಆಚೆ, ಕೊಯ್ಯದ ಹುಲ್ಲಿನಲ್ಲಿ ಮಂಡಿಯೂರಿ ಒಬ್ಬನೇ ಎರಡು ಸಲ ಬಗ್ಗಿದ. ನಾನು ಹೋಗಿ ಪಕ್ಕದಲ್ಲಿ ಬಗ್ಗಬೇಕಿತ್ತು. ಅಷ್ಟು ಮಾತಾಡಿದವಳು ತಟ್ಟೆಗಳನ್ನು ಎತ್ತಿಡುತ್ತಾ ದೊಡ್ಡಪ್ಪನ ಪಕ್ಕದಲ್ಲೇ ಉಳಿದೆ. ಈ ಸಿಟ್ಟು ನನ್ನ ಮೇಲೂ ಹೌದು.